ಉಲ್ಟಾ ಥ್ರೆಡ್

ಬ್ಯೂಲಿಗೆ ರೈಲು ಹೋಗುವುದಿಲ್ಲ. ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ಹತ್ತಿ, ಸೌತಾಂಪ್ಟನ್ ದಾಟಿ, ಬ್ರಾಕೆನ್‌ಹರ್ಸ್ಟ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದುಕೊಳ್ಳಬೇಕು. ಅಲ್ಲಿಂದ ಮುಂದೆ ನ್ಯೂ ಫಾರೆಸ್ಟ್. ಹೆಸರಿಗೆ ಹೊಸ ಕಾಡಾದರೂ 1079ರಷ್ಟು ಹಿಂದೆ ಇಂಗ್ಲೆಂಡಿನ ದೊರೆ ಮೊದಲನೇ ವಿಲಿಯಂ ತನ್ನ ಬೇಟೆಗೆಂದು ಕಾದಿರಿಸಿಕೊಂಡ ಜಾಗ ಅದು. ಸುತ್ತಲಿನ ಹಳ್ಳಿಗರಿಗೆ ಇಂದಿಗೂ ಅಲ್ಲಿ ತಮ್ಮ ಕುದುರೆ, ಕತ್ತೆ, ದನಗಳನ್ನು ಮೇಯಲು ಬಿಡುವ ಹಕ್ಕಿದೆ. ಹೀಗಾಗಿ ಟ್ಯಾಕ್ಸಿ ಹೊರಟ ಸ್ವಲ್ಪ ಹೊತ್ತಿಗೇ ರಸ್ತೆ ನಡುವೆ ಎರಡು ಕಂದು ಕುದುರೆಗಳು ನಿಂತಿದ್ದವು. ಚಾಲಕ ಹಾರ್ನ್ ಹೊಡೆಯಲಿಲ್ಲ, ಕಿಟಕಿಯಿಂದ ಬೈಯಲೂ ಇಲ್ಲ. ನಮ್ಮೂರ ಪೇಟೆಬೀದಿಯಲ್ಲಿ ಹಸುವಿಗೆ ಸಿಗುವಂಥ ಮರ್ಯಾದೆ ಅಲ್ಲಿ ಕುದುರೆಗೆ.

ಬ್ಯೂಲಿ ಎಂಬುದು ನದಿ ದಂಡೆಯ ಪುಟ್ಟ ಹಳ್ಳಿ. 1204ರಲ್ಲಿ ಜಾನ್ ದೊರೆ ಕಟ್ಟಿಸಿದ ಕ್ರೈಸ್ತ ಮಠದ ಪಾಳುಗೋಡೆಗಳು, ಮಠದ ಹೆಬ್ಬಾಗಿಲೇ ಬೆಳೆದು ಅರಮನೆಯಾದ ಪ್ಯಾಲೇಸ್ ಹೌಸ್, ಪಕ್ಕದಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯ. ಪ್ಯಾಲೇಸ್ ಹೌಸಿನ ಒಡೆಯರ ಮನೆತನದ ಜಾನ್ ಮಾಂಟೆಗು ಬ್ರಿಟನ್ನಿನಲ್ಲಿ ಕಾರು ಎಂಬ ವಸ್ತುವಿನ ಪರವಾಗಿ ವಾದಿಸಿದ ಮೊದಲ ತಲೆಮಾರಿನವರು. ಒಂದನೇ ಮಹಾಯುದ್ಧದ ಕಾಲದಲ್ಲಿ ಭಾರತ ಸರ್ಕಾರಕ್ಕೆ ಯಾಂತ್ರಿಕ ಸಾರಿಗೆಯ ಸಲಹೆಗಾರರಾಗಿ ಹಡಗು ಹತ್ತಿದ್ದರು. 1915ರ ಡಿಸೆಂಬರ್ 30ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಆ ‘ಪರ್ಷಿಯಾ’ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಜೊತೆಗಿದ್ದ ಕಾರ್ಯದರ್ಶಿ ಎಲಿನಾರ್ ಥಾರ್ನ್‌ಟನ್ ನೀರುಪಾಲಾದರು. ರೋಲ್ಸ್ ರಾಯ್ಸ್ ಕಾರಿನ ಮೂತಿಯ ಮೇಲೆ ಕೈಚಾಚಿ ನಿಂತ ಬೊಂಬೆಗೆ ಮಾದರಿಯಾದವರು ಅವರೇ ಎಂದು ಹೇಳುತ್ತಾರೆ. ಮಾಂಟೆಗು ಬದುಕಿ ಬಂದರು. ಅವರ ಮಗ 1952ರಲ್ಲಿ ತಂದೆಯ ನೆನಪಿಗೆಂದು ಮನೆಯ ಹಜಾರದಲ್ಲಿ ಐದು ಹಳೆಯ ಕಾರು ನಿಲ್ಲಿಸಿ ಜನರನ್ನು ಒಳಗೆ ಬಿಟ್ಟರು. ಅದೇ ಬೆಳೆದು ಈಗಿನ ಸಂಗ್ರಹಾಲಯವಾಗಿದೆ.

ನಾನು ಸಂಗ್ರಹಾಲಯ ನೋಡಲು ಹೋದವನಲ್ಲ. 1967ರಿಂದ ಇಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಹಳೆಯ ಕಾರುಗಳ ಬಿಡಿಭಾಗಗಳ ಸಂತೆ ಸೇರುತ್ತದೆ. ಆಟೋಜಂಬಲ್ ಎಂದು ಕರೆಯುತ್ತಾರೆ. ಸಾವಿರಗಟ್ಟಲೆ ಅಂಗಡಿಗಳು ಹುಲ್ಲುಗಾವಲಿನ ಉದ್ದಗಲಕ್ಕೂ ಹರಡಿಕೊಳ್ಳುತ್ತವೆ. ಡೇರೆ ಹಾಕಿದವರು, ವ್ಯಾನಿನ ಹಿಂಬಾಗಿಲು ತೆಗೆದು ಕುಳಿತವರು, ನೆಲಕ್ಕೆ ಟಾರ್ಪಾಲು ಹಾಸಿ ಅದರ ಮೇಲೆ ಜಂಗು ಹಿಡಿದ ಕಬ್ಬಿಣ ಸುರಿದುಕೊಂಡವರು. ಇಂಗ್ಲಿಷರ ಜೊತೆಗೆ ಡಚ್ಚರು, ಜರ್ಮನ್ನರು, ಬೆಲ್ಜಿಯಂನವರು. ಕೊಳ್ಳಲು ಬಂದವರ ಕೈಯಲ್ಲಿ ತಳ್ಳುಗಾಡಿ, ಮಕ್ಕಳ ಗಾಡಿ, ಗಾರೆ ಕೆಲಸದ ಒಂಟಿಗಾಲಿ. ಕೆಲವರ ಬೆನ್ನಿಗೆ ರಟ್ಟಿನ ಹಲಗೆ: ‘ಬೇಕಾಗಿದೆ: ರೈಲಿ ನೈನ್ ಡೈನಮೊ.’ ಇನ್ನೊಬ್ಬರ ಬೆನ್ನಿನಲ್ಲಿ ಬರೀ ಒಂದು ಚಿತ್ರ, ಕೆಳಗೆ ಪ್ರಶ್ನೆಚಿಹ್ನೆ. ಆ ವಸ್ತು ಯಾವ ಕಾರಿನದು ಎಂಬುದೇ ಅವರಿಗೆ ಬೇಕಿದ್ದ ಉತ್ತರ.

ನನಗೆ ಬೇಕಿದ್ದದ್ದು ಒಂದು ಟ್ರನಿಯನ್.

ಹುಣಸೂರಿನಲ್ಲಿ ಡಾಕ್ಟರಾಗಿದ್ದ ನಮ್ಮ ದೊಡ್ಡಪ್ಪನ ಮಾರಿಸ್ ಮೈನರ್ ಈಗ ಮೈಸೂರಿನ ನಮ್ಮ ಮನೆ ಶೆಡ್ಡಿನಲ್ಲಿದೆ. 1955ರ ಮಾದರಿ. ಮುಂದಿನ ಗಾಜು ಎರಡು ತುಂಡು, ಎಂಜಿನ್ 803 ಸಿಸಿ, ನಂಬರ್ ಪ್ಲೇಟು ಹಳೇ ಮೈಸೂರು ರಾಜ್ಯದ ಕಾಲದ್ದು, ‘ಎಂವೈ’ ಎಂದು ಶುರುವಾಗುತ್ತದೆ. ಈ ಕಾರಿನ ಮುಂಗಾಲಿಯ ರಚನೆ ವಿಚಿತ್ರ. ಚಕ್ರ ಹೊತ್ತ ಕಂಬದ ಮೇಲ್ತುದಿ, ಕೆಳತುದಿ ಎರಡರಲ್ಲೂ ಥ್ರೆಡ್ ಕೊರೆದಿರುತ್ತಾರೆ. ಅವೆರಡಕ್ಕೂ ನಟ್ಟು ಕೂತಹಾಗೆ ಕೂರುವ ಕಬ್ಬಿಣದ ಗಟ್ಟಿಯೇ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಬ ಈ ಥ್ರೆಡ್ಡಿನೊಳಗೇ ಒಂದಿಷ್ಟು ಬಿಗಿಯಾಗುತ್ತದೆ, ಒಂದಿಷ್ಟು ಸಡಿಲಾಗುತ್ತದೆ. ಎರಡು ಪಕ್ಕಕ್ಕೂ ಒಂದೇ ಥ್ರೆಡ್ ಅಲ್ಲ. ಒಂದು ಪಕ್ಕ ಸೀದಾ, ಇನ್ನೊಂದು ಪಕ್ಕ ಉಲ್ಟಾ. ಗ್ರೀಸ್ ಹೊಡೆಯುತ್ತಿದ್ದರೆ ದಶಕಗಟ್ಟಲೆ ಬಾಳುತ್ತದೆ. ಗ್ರೀಸ್ ತಪ್ಪಿದರೆ ಥ್ರೆಡ್ ಸವೆಯುತ್ತಾ ಬಂದು ಒಂದು ದಿನ ತಿರುವಿನಲ್ಲಿ ಕಂಬ ಗಟ್ಟಿಯಿಂದ ಕಿತ್ತುಕೊಂಡು ಚಕ್ರ ಮಡಚಿ ಮಲಗುತ್ತದೆ. ಮಾರಿಸ್ ಮೈನರ್ ಇಟ್ಟುಕೊಂಡವರೆಲ್ಲ, ಮೈಸೂರಿನವರಾಗಲಿ ಮ್ಯಾಂಚೆಸ್ಟರಿನವರಾಗಲಿ, ಹೆದರುವುದು ಇದೊಂದಕ್ಕೆ.

“ಮಿಕ್ಕಿದ್ದೇನಾದ್ರೂ ಹೋದ್ರೆ ಕಾರು ನಿಲ್ಲುತ್ತೆ ಸಾರ್. ಇದು ಹೋದ್ರೆ ನಿಲ್ಲಲ್ಲ, ಮಲಗುತ್ತೆ,” ಎಂದಿದ್ದರು ನಮ್ಮ ಮೇಸ್ತ್ರಿ. ಉಲ್ಟಾ ಥ್ರೆಡ್ಡಿನ ಕಡೆಯ ಕೆಳಗಿನ ಟ್ರನಿಯನ್ನನ್ನು ಬಿಚ್ಚಿ ನನ್ನ ಕೈಗಿಟ್ಟರು. ಒಳಗೆ ಬೆರಳಾಡಿಸಿದರೆ ಥ್ರೆಡ್ಡಿನ ಏಣುಗಳು ಚೂಪು ಕಳೆದುಕೊಂಡು ನುಣ್ಣಗಾಗಿದ್ದವು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ್ದಾಗಿತ್ತು. ಅಂಬಾಸಿಡರ್‌ದು ಬೇಕಾದರೆ ಹುಡುಕಿಸಿಕೊಡೋಣ, ಪದ್ಮಿನಿದು ಇದೆ, ಮೈನರ್ ಮಾಲು ಬರೋದು ನಿಂತು ಎಷ್ಟೋ ವರ್ಷ ಆಯ್ತಲ್ಲ ಸಾರ್ ಎಂಬ ಉತ್ತರ. ಶಿವಾಜಿನಗರದ ಗುಜರಿಯಲ್ಲೂ ಅದೇ ಮಾತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಾರಿಸ್ ಕಾರುಗಳು ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಹಡಗಿನಲ್ಲಿ ಬರುತ್ತಿದ್ದವು. ಮದ್ರಾಸಿನ ಆಡಿಸನ್ ಕಂಪನಿಯಂಥವರು ಜೋಡಿಸಿ ಮಾರುತ್ತಿದ್ದರು. ಕಲ್ಕತ್ತೆಯ ಹಿಂದೂಸ್ತಾನ್ ಮೋಟಾರ್ಸ್ ಇದೇ ಮೈನರನ್ನು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ತಂದಿತ್ತು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂತು. ಬರೀ ಜೋಡಿಸುವವರು ಸಾಕು, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಲಿ ಎಂಬುದು ಅದರ ಸಾರ. ಜನರಲ್ ಮೋಟಾರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಆಮದಿಗೆ ಪರವಾನಗಿ ಬೇಕಾಯಿತು, ವಿದೇಶಿ ವಿನಿಮಯಕ್ಕೆ ಲೆಕ್ಕ ಬಂತು. ರಸ್ತೆ ಮೇಲಿದ್ದ ಕಾರುಗಳೇನೋ ಓಡಲೇಬೇಕಿತ್ತು. ಡಾಕ್ಟರಿಗೆ ರೋಗಿಯ ಮನೆಗೆ ಹೋಗಬೇಕು, ತೋಟದ ಸಾಹುಕಾರರಿಗೆ ಪೇಟೆಗೆ ಬರಬೇಕು. ಸಾಮಾನು ಬರುವುದು ನಿಂತಲ್ಲಿಂದ ನಮ್ಮ ಮೇಸ್ತ್ರಿಗಳ ಕಾಲ ಶುರುವಾಯಿತು.

ಲೇತ್ ಅಂಗಡಿ, ಎರಕದ ಭಟ್ಟಿ, ಫೈಲು, ಗರಗಸ ಇಷ್ಟರಲ್ಲೇ ಅವರು ಮಾಡದ ಸಾಮಾನಿಲ್ಲ. ಲಾರಿ ಟೈರು ಕೊಯ್ದು ಬುಷ್ ಮಾಡಿದರು, ಕೈಮಗ್ಗದ ಪಟ್ಟಿಯಲ್ಲಿ ಬೀಡಿಂಗ್ ಹೊಲಿದರು, ಫಿಯೆಟ್ಟಿನ ಡಿಸ್ಟ್ರಿಬ್ಯೂಟರನ್ನು ಆಸ್ಟಿನ್ನಿಗೆ ಕೂರಿಸಿದರು. ಇದನ್ನು ಬೆರಗಿನಿಂದ ಬರೆದವರು ಬೇಕಾದಷ್ಟಿದ್ದಾರೆ, ಬೆರಗಿಗೆ ಅರ್ಹವೇ. ಆದರೆ ಆ ಕೈಚಳಕಕ್ಕೆ ಒಂದು ಮಿತಿ ಇತ್ತು. ಕೆಲಸವೆಲ್ಲ ಸ್ಯಾಂಪಲ್ ನೋಡಿ ಮಾಡುವುದು. ಸ್ಯಾಂಪಲ್ ಎಂದರೆ ಕಾರಿನಿಂದ ಬಿಚ್ಚಿದ್ದು, ಅಂದರೆ ಸವೆದದ್ದು. ಸವೆದದ್ದನ್ನು ಅಳೆದು ಮಾಡಿದ ಹೊಸ ತುಂಡಿಗೆ ಆ ಸವೆತದ ಅಳತೆಯೂ ಸೇರಿಕೊಳ್ಳುತ್ತದೆ. ಅದು ಮತ್ತೆ ಸವೆದು ಮುಂದಿನ ತುಂಡಿಗೆ ಸ್ಯಾಂಪಲ್ ಆಗುತ್ತದೆ. ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ಮಾರಿಸ್ ಕಾರ್ಖಾನೆಯಿದ್ದ ಆಕ್ಸ್‌ಫರ್ಡಿನ ಎಂಜಿನಿಯರ್ ಕಾಗದದ ಮೇಲೆ ಬರೆದ ಅಳತೆಗೂ ಕಾರಿನಲ್ಲಿ ಕೂತದ್ದಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಮೇಲಾಗಿ ಸ್ಯಾಂಪಲ್ ಆಕಾರ ಹೇಳುತ್ತದೆಯೇ ಹೊರತು ಯಾವ ಲೋಹ, ಎಷ್ಟು ಕಾಯಿಸಿ ಹದ ಮಾಡಿದ್ದು ಎಂದು ಹೇಳುವುದಿಲ್ಲ. ನಮ್ಮ ಕಾರಿಗೆ ಹಿಂದೊಮ್ಮೆ ಲೇತಿನಲ್ಲಿ ಮಾಡಿಸಿ ಹಾಕಿದ್ದ ಟ್ರನಿಯನ್ನಿನ ಥ್ರೆಡ್ಡೇನೋ ಅಚ್ಚುಕಟ್ಟಾಗಿಯೇ ಇತ್ತು. ಕಬ್ಬಿಣ ಮೆದುವಾಗಿ ಬಹುಬೇಗ ತಿಂದುಹೋಯಿತು.

ಸಂತೆಯಲ್ಲಿ ನಾನು ಕಂಡ ಮೊದಲ ಮೈನರ್ ಅಂಗಡಿಯಲ್ಲಿ ಟ್ರನಿಯನ್ ಇರಲಿಲ್ಲ, ಆದರೆ ಬಿಟ್ಟು ಹೋಗಲಾಗದ ಸಾಮಾನಿತ್ತು. ಬುಟ್ಟಿಯ ತುಂಬ ಟ್ರಾಫಿಕೇಟರ್‌ಗಳು. ಕಾರಿನ ಬಾಗಿಲ ಕಂಬದಿಂದ ಟಕ್ಕೆಂದು ಹೊರಬಂದು ತಿರುಗುವ ದಿಕ್ಕು ತೋರಿಸುವ ಹಳದಿ ಕೈ. ಚಿಕ್ಕಂದಿನಲ್ಲಿ ನಾವು ಅದನ್ನೇ ನೋಡಲು ದೊಡ್ಡಪ್ಪನ ಕಾರಿನ ಹಿಂದೆ ಓಡುತ್ತಿದ್ದೆವು. ಪಕ್ಕದಲ್ಲಿ ಒಂದು ಉದ್ದನೆಯ ಬಂಪರ್ ಒರಗಿಸಿದ್ದರು. ಅದರ ನಡುಮಧ್ಯದಲ್ಲಿ ಕತ್ತರಿಸಿ ಒಂದು ತಗಡಿನ ತುಂಡು ಸೇರಿಸಿದ ಜೋಡಣೆ ಕಾಣುತ್ತಿತ್ತು. ಯಾರೋ ಡಿಕ್ಕಿ ಹೊಡೆದ ಮೇಲೆ ರಿಪೇರಿ ಮಾಡಿಸಿರಬೇಕು ಎನ್ನಿಸುವಂತಿದ್ದರೂ ಅದು ಕಾರ್ಖಾನೆಯದೇ ಕೆಲಸ. ಮೈನರಿನ ಜನಕ ಅಲೆಕ್ ಇಸಿಗೋನಿಸ್‌ಗೆ ಕಾರು ತಯಾರಾಗಿ ನಿಂತ ಮೇಲೆ ಅದರ ಅಗಲ ಸಾಲದು ಎನ್ನಿಸಿತು. ಮಾದರಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಹೋಳುಗಳನ್ನು ಸರಿಸುತ್ತಾ ಹೋಗಿ, ನಾಲ್ಕು ಇಂಚಿನ ಅಂತರಕ್ಕೆ ‘ಸಾಕು’ ಎಂದರು. ಅಷ್ಟರಲ್ಲಿ ಬಂಪರ್‌ಗಳು ಆಗಲೇ ತಯಾರಾಗಿದ್ದವು. ಅವನ್ನೂ ಕತ್ತರಿಸಿ ನಾಲ್ಕು ಇಂಚು ತುಂಬಿಸಿದರು. ಬಾನೆಟ್ಟಿನ ಮಧ್ಯೆ ಉದ್ದಕ್ಕೆ ಕಾಣುವ ಪಟ್ಟಿಯೂ ಅದೇ ನಾಲ್ಕು ಇಂಚಿನ ಗುರುತು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂದ ಆ ಕಾರು ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರಾಯಿತು. 1970ರ ದಶಕದ ಆರಂಭದಲ್ಲಿ ನಿಲ್ಲುವ ಹೊತ್ತಿಗೆ ಹದಿನಾರು ಲಕ್ಷದಷ್ಟು ತಯಾರಾಗಿದ್ದವು. ಇಂಗ್ಲೆಂಡಿನಲ್ಲಿ ಇಂದಿಗೂ ಅದರ ಬಿಡಿಭಾಗ ಸಿಗುವುದು ಈ ಸಂಖ್ಯೆಯ ಬಲದಿಂದ. ಸಾವಿರ ಕಾರಷ್ಟೇ ತಯಾರಾದ ಮಾದರಿಗೆ ಯಾರೂ ಅಚ್ಚು ಹಾಕಿಸಿ ಕೂರುವುದಿಲ್ಲ.

ಟ್ರನಿಯನ್ ಸಿಕ್ಕಿದ್ದು ಹುಲ್ಲುಗಾವಲಿನ ಇನ್ನೊಂದು ತುದಿಯಲ್ಲಿ, ಎಪ್ಪತ್ತು ದಾಟಿದ ಒಬ್ಬರ ಅಂಗಡಿಯಲ್ಲಿ. ಅವರು ಸಾಮಾನು ತೋರಿಸುವ ಮೊದಲು ಪ್ರಶ್ನೆಗಳನ್ನು ಮುಂದಿಟ್ಟರು. ಯಾವ ವರ್ಷದ್ದು? ಚಾಸಿಸ್ ನಂಬರ್ ಇದೆಯೇ? ನಾನು ಫೋನಿನಲ್ಲಿದ್ದ ಚಾಸಿಸ್ ಪ್ಲೇಟಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು. ಆ ಪ್ಲೇಟಿನ ಅಕ್ಷರ-ಅಂಕಿಗಳಲ್ಲಿ ಕಾರಿಗೆ ಎಷ್ಟು ಬಾಗಿಲು, ಹುಟ್ಟಿದಾಗ ಯಾವ ಬಣ್ಣ, ಸ್ಟೀರಿಂಗ್ ಯಾವ ಕಡೆ ಎಂಬುದೆಲ್ಲ ಅಡಗಿದೆ.

“ಇದು ಪೂರ್ತಿ ಕಾರಾಗಿ ಇಲ್ಲಿಂದ ಹೊರಟದ್ದಲ್ಲ,” ಎಂದರು. “ಪೆಟ್ಟಿಗೆಯಲ್ಲಿ ಹೋದದ್ದು. ನಿಮ್ಮವರು ಜೋಡಿಸಿದ್ದಾರೆ.”

ಆಮೇಲೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ಬಂತು. ಕಾರ್ಖಾನೆಯ ಪಾರ್ಟ್ಸ್ ಪಟ್ಟಿ. ಅಂಚುಗಳಲ್ಲಿ ಎಣ್ಣೆ ಹೆಬ್ಬೆಟ್ಟಿನ ಗುರುತು, ಹಾಳೆ ಹಾಳೆಗೂ ಕಾರಿನ ಒಂದೊಂದು ಭಾಗ ಬಿಚ್ಚಿ ಹರಡಿದ ಚಿತ್ರ, ಪ್ರತಿ ತುಂಡಿಗೂ ಒಂದು ನಂಬರು. ಅಲ್ಲಿ ಕೆಲವು ನಂಬರುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬೇರೆ ನಂಬರು ಬರೆದಿದ್ದರು. ಕಾರ್ಖಾನೆ ನಡುವೆ ಅಳತೆ ಬದಲಿಸಿದ್ದು, ಹೊಸದು ಹಳೆಯದಕ್ಕೆ ಕೂರುತ್ತದೆಯೋ ಇಲ್ಲವೋ ಎಂಬುದು, ಎಲ್ಲ ಅದರಲ್ಲಿತ್ತು. ನಾನು ಜೇಬಿನಿಂದ ಮೇಸ್ತ್ರಿ ಕೊಟ್ಟಿದ್ದ ಸವೆದ ತುಂಡು ತೆಗೆದೆ. ಅವರು ಅದನ್ನು ತಿರುಗಿಸಿ ನೋಡಿ, ಒಳಗೆ ಬೆರಳಾಡಿಸಿ, ಪಕ್ಕಕ್ಕಿಟ್ಟರು. ನಂಬರು ಸಿಕ್ಕ ಮೇಲೆ ಅವರಿಗೆ ಸ್ಯಾಂಪಲ್ಲಿನ ಅಗತ್ಯ ಇರಲಿಲ್ಲ.

ಥ್ರೆಡ್ಡಿನ ಮಾತು ಬಂತು. ನಮ್ಮಲ್ಲಿ ಹಳೆ ಬ್ರಿಟಿಷ್ ಕಾರಿಗೆ ನಟ್ಟು ಹುಡುಕುವ ಕಷ್ಟ ಹೇಳಿಕೊಂಡೆ. ಅವರು ನಕ್ಕರು. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ದೇಶಕ್ಕೆಲ್ಲ ಒಂದೇ ಥ್ರೆಡ್ ಇರಲಿ ಎಂದು 55 ಡಿಗ್ರಿ ಕೋನದ ಅಳತೆ ಕೊಟ್ಟ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬೋಲ್ಟು ಬ್ರಿಟನ್ನಿನ ಟ್ಯಾಂಕಿಗೆ ಕೂರದೆ ಪಟ್ಟ ಪಾಡಿನಿಂದಾಗಿ ಯುದ್ಧ ಮುಗಿದ ಮೇಲೆ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ 60 ಡಿಗ್ರಿಯ ಏಕರೂಪದ ಥ್ರೆಡ್ ಒಪ್ಪಿಕೊಂಡವು. ಮಾರಿಸ್ ಕಂಪನಿಯ ಕಥೆ ಇನ್ನೂ ಸೊಗಸು. 1923ರಲ್ಲಿ ಅದು ಕವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಮೂಲದ ಎಂಜಿನ್ ಕಾರ್ಖಾನೆ ಕೊಂಡುಕೊಂಡಿತು. ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವು. ಯಂತ್ರ ಬದಲಿಸುವುದು ದುಬಾರಿ. ಇಂಗ್ಲಿಷ್ ಗ್ಯಾರೇಜುಗಳಲ್ಲಿರುವ ಸ್ಪ್ಯಾನರ್‌ಗಳೋ ವಿಟ್‌ವರ್ತ್. ಹೀಗಾಗಿ ಮೆಟ್ರಿಕ್ ಥ್ರೆಡ್ಡಿನ ಬೋಲ್ಟಿಗೆ ವಿಟ್‌ವರ್ತ್ ಅಳತೆಯ ತಲೆ ಕೂರಿಸಿದರು. ಮಾರಿಸ್ ಟೆನ್, ಎಂಜಿ ಟಿಸಿ ಕಾರುಗಳ ಎಂಜಿನ್ನಿನಲ್ಲಿ ಇಂಥ ಬೋಲ್ಟುಗಳೇ. ಆ ಮಾರಿಸ್ ಟೆನ್ ನಮ್ಮಲ್ಲಿ ‘ಹಿಂದೂಸ್ತಾನ್ ಟೆನ್’ ಆಗಿ ಬಂದದ್ದು. ಹೊರಗಿನಿಂದ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಹೊಸ ಬೋಲ್ಟು ಒಳಗೆ ಹೋಗುವುದಿಲ್ಲ. ಯಾರೂ ಹೇಳಿಕೊಡದೆ ಇದನ್ನು ಎದುರಿಸಿದ ನಮ್ಮ ಹಳೆಯ ಮೇಸ್ತ್ರಿಗಳು ಬ್ರಿಟಿಷರಿಗೆ ಎಷ್ಟು ಶಾಪ ಹಾಕಿರಬಹುದು!

ಅವರ ಹತ್ತಿರ ಟ್ರನಿಯನ್ ಎರಡು ಬಗೆಯದಿತ್ತು. ಒಂದು ಅಂದಿನ ಕಾರ್ಖಾನೆಯದೇ, ಮೇಣದ ಕಾಗದ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟದ್ದು, ಇದುವರೆಗೆ ಯಾವ ಕಾರೂ ಕಾಣದ್ದು. ಇನ್ನೊಂದು ಈಚಿನ ತಯಾರಿ, ಪ್ಲಾಸ್ಟಿಕ್ ಚೀಲದಲ್ಲಿ. ಬೆಲೆಯಲ್ಲಿ ಒಂದಕ್ಕೆರಡು ಅಂತರ. ಈಚಿನದು ಹೇಗಿರುತ್ತದೆ ಎಂದೆ. ಕೆಲವು ಚೆನ್ನಾಗಿರುತ್ತವೆ, ಕೆಲವು ಹಾಳು. ಯಾರು ಮಾಡಿಸಿದರು, ಯಾವ ಡ್ರಾಯಿಂಗ್ ಕೊಟ್ಟರು ಎಂಬುದರ ಮೇಲೆ ಹೋಗುತ್ತದೆ ಎಂದರು. ಎಲ್ಲಿ ತಯಾರಾಗುತ್ತವೆ ಎಂದು ಕೇಳಿದೆ. ಅವರು ಉತ್ತರ ಕೊಡದೆ ಪಕ್ಕದ ಪೆಟ್ಟಿಗೆಯಿಂದ ಬೇರೆ ಬೇರೆ ಸಾಮಾನಿನ ಚೀಲಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ತೈವಾನ್. ಚೀನಾ. ಒಂದರ ಮೇಲೆ ‘ಮೇಡ್ ಇನ್ ಇಂಡಿಯಾ’. ಅದು ಹಾರ್ನಿನ ಬಟನ್ನು. ಇನ್ನೊಂದರ ಮೇಲೂ ಹಾಗೆಯೇ.

ಇದರಲ್ಲಿ ಆಶ್ಚರ್ಯವೇನಿಲ್ಲ. ಹಳೇ ವಿಲ್ಲೀಸ್ ಜೀಪು, ಲ್ಯಾಂಡ್ ರೋವರ್, ಲ್ಯಾಂಬ್ರೆಟಾ ಸ್ಕೂಟರಿನ ಬಿಡಿಭಾಗಗಳು ನಮ್ಮ ದೇಶದಿಂದ ಯುರೋಪಿಗೆ ಹೋಗುವುದು ಹಳೆಯ ವ್ಯಾಪಾರ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಕಥೆಯಂತೂ ಎಲ್ಲರಿಗೂ ಗೊತ್ತಿರುವುದೇ. ಅದರ ಅಚ್ಚುಗಳು 1957ರಲ್ಲಿ ಕಲ್ಕತ್ತೆ ಬಳಿಯ ಉತ್ತರಪಾರಕ್ಕೆ ಬಂದು ಅದು ಅಂಬಾಸಿಡರ್ ಆಯಿತು. ಇಂಗ್ಲೆಂಡಿನಲ್ಲಿ ಆ ಕಾರು ಮೂಲೆಗುಂಪಾಗಿ ದಶಕಗಳು ಕಳೆದ ಮೇಲೂ ಇಲ್ಲಿ 2014ರ ತನಕ ತಯಾರಾಗುತ್ತಲೇ ಇತ್ತು. ಅಲ್ಲಿ ಆಕ್ಸ್‌ಫರ್ಡ್ ಉಳಿಸಿಕೊಂಡವರು ಬಾಗಿಲ ಹಿಡಿ, ಗೇರಿನ ಸಾಮಾನಿಗೆ ಕಲ್ಕತ್ತೆಯ ಕಡೆ ನೋಡಿದರು. 1993ರಲ್ಲಂತೂ ಫುಲ್‌ಬೋರ್ ಎಂಬ ಹೆಸರಿನಲ್ಲಿ ಅಂಬಾಸಿಡರ್ ಕಾರನ್ನೇ ಇಂಗ್ಲೆಂಡಿಗೆ ತರಿಸಿ ಮಾರುವ ಪ್ರಯತ್ನವೂ ನಡೆಯಿತು. ಮಾರಿಸ್ ಮೈನರಿಗೆ ಈ ಪಾತ್ರ ವಹಿಸಿದ್ದು ಶ್ರೀಲಂಕಾ. ಬಾತ್ ಊರಿನಲ್ಲಿ ಮೈನರ್ ಕೇಂದ್ರ ನಡೆಸುತ್ತಿದ್ದ ಚಾರ್ಲ್ಸ್ ವೇರ್, ಹಳೆ ಕಾರನ್ನು ರಿಪೇರಿ ಮಾಡಿ ಬಾಳಿಸುವುದೇ ಹೊಸದು ಕೊಳ್ಳುವುದಕ್ಕಿಂತ ಲಾಭ ಎಂದು 1982ರಲ್ಲಿ ಪುಸ್ತಕವನ್ನೇ ಬರೆದವರು. ಇಂಗ್ಲೆಂಡಿನಲ್ಲಿ ಬಾಡಿಯ ತಗಡು ಭಾಗಗಳನ್ನು ಮಾಡಿಸುವುದು ದುಬಾರಿಯಾದಾಗ ಅವರು ಶ್ರೀಲಂಕಾದಲ್ಲಿ ಪಾಲುದಾರಿಕೆಯಲ್ಲಿ ಕಾರ್ಖಾನೆ ಹೂಡಿದರು. ಅಲ್ಲಿ ಕೈಯಿಂದ ಬಡಿದು ತಯಾರಾದ ರೆಕ್ಕೆ, ನೆಲಹಾಸು ತಗಡುಗಳು ಇಂಗ್ಲೆಂಡಿನ ಮೈನರ್‌ಗಳ ಮೈಗೆ ಬೆಸೆದುಕೊಂಡಿವೆ.

ನಾನು ಮೇಣದ ಕಾಗದದ್ದನ್ನೇ ಕೊಂಡೆ. ಚೌಕಾಸಿ ಮಾಡಿದೆ, ಅವರೂ ಅದನ್ನು ನಿರೀಕ್ಷಿಸಿದಂತಿತ್ತು. ಕೊನೆಗೆ ಬೆಲೆ ಇಳಿಸಲಿಲ್ಲ, ಜೊತೆಗೆ ಎರಡು ಗ್ರೀಸ್ ನಿಪ್ಪಲ್ ಹಾಕಿಕೊಟ್ಟರು. ಹೊರಡುವಾಗ ಅವರೊಂದು ಪ್ರಶ್ನೆ ಕೇಳಿದರು. 1930ರ ದಶಕದ ಮಾರಿಸ್ ಎಯ್ಟ್ ಕಾರಿನ ಕಿಂಗ್ ಪಿನ್ನಿಗೆ ಕಂಚಿನ ಬುಷ್ ಬೇಕಿದೆ. ಸಾವಿರ ತುಂಡಾದರೆ ಮಾಡಿಕೊಡುವ ಕಾರ್ಖಾನೆಗಳುಂಟು, ಐವತ್ತು ತುಂಡು ಎಂದರೆ ಇಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ನಿಮ್ಮ ಊರಿನಲ್ಲಿ ಸಣ್ಣ ಲೇತ್ ಅಂಗಡಿಗಳು ಇನ್ನೂ ಇವೆಯಂತಲ್ಲ?

ಇವೆ ಎಂದೆ. ವಿಳಾಸ ಬರೆದುಕೊಂಡರು.

ಮುಂದೆ ಆಕ್ಸ್‌ಫರ್ಡಿಗೆ ಹೋದೆ. ವಿಲಿಯಂ ಮಾರಿಸ್ ಸೈಕಲ್ ರಿಪೇರಿಯಿಂದ ಶುರುಮಾಡಿದ ಊರು. ಹೊರವಲಯದ ಕೌಲಿಯಲ್ಲಿ ನಮ್ಮ ದೊಡ್ಡಪ್ಪನ ಕಾರು ತುಂಡುತುಂಡಾಗಿ ಪೆಟ್ಟಿಗೆ ಸೇರಿದ ಕಾರ್ಖಾನೆಯ ದೊಡ್ಡ ಭಾಗ 1990ರ ದಶಕದಲ್ಲಿ ನೆಲಸಮವಾಗಿ, ಆ ಜಾಗದಲ್ಲಿ ಈಗ ಗಾಜಿನ ಕಚೇರಿಗಳೆದ್ದಿವೆ. ಉಳಿದ ಭಾಗದಲ್ಲಿ ಬಿಎಂಡಬ್ಲ್ಯು ಕಂಪನಿ ಮಿನಿ ಕಾರು ಮಾಡುತ್ತದೆ. ನೋಡಲು ಏನೂ ಉಳಿದಿಲ್ಲ ಎನ್ನಿಸಿತು. ಆದರೆ ಕಟ್ಟಡ ಹೋದರೂ ಅದರ ಕಾಗದ ಹೋಗಿಲ್ಲ ಎಂಬುದು ಅಲ್ಲೇ ಸುತ್ತಮುತ್ತ ವಿಚಾರಿಸಿದರೆ ತಿಳಿಯುತ್ತದೆ. ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಅನೇಕ ಹಳೆಯ ಕಂಪನಿಗಳ ಉತ್ಪಾದನೆಯ ದಫ್ತರಗಳನ್ನು ಕಾಪಾಡಿದೆ. ಕಾರಿನ ನಂಬರು ಕಳಿಸಿ ಶುಲ್ಕ ಕಟ್ಟಿದರೆ ಅದು ಯಾವತ್ತು ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಪ್ರಮಾಣಪತ್ರ ಕೊಡುತ್ತದೆ. ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1975ರಲ್ಲಿ ಶುರುವಾದದ್ದು. ಎಂಜಿಬಿ ಕಾರು 1980ರಲ್ಲಿ ನಿಂತಮೇಲೆ ಅದರ ಮೂಲ ಅಚ್ಚುಗಳನ್ನೇ ಹುಡುಕಿ ಒಟ್ಟುಮಾಡಿ 1988ರಿಂದ ಕಾರಿನ ಇಡೀ ಹೊರಮೈಯನ್ನು ಹೊಸದಾಗಿ ಒತ್ತಿ ಕೊಡುತ್ತಿದೆ. ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆ ಎಸ್‌ಯು ಕಾರ್ಬೊರೇಟರನ್ನು ಇಂದಿಗೂ ತಯಾರಿಸುತ್ತದೆ. ಎಷ್ಟೇ ದೂರದ ಊರಿನಿಂದ ಒಂದು ಜೆಟ್ ಕೇಳಿದರೂ ಅವರು ಕೇಳುವುದು ಅದೇ: ನಂಬರು ಎಷ್ಟು?

ಸಾಮಾನು ಊರಿಗೆ ತರುವುದರಲ್ಲೂ ಒಂದು ವಿದ್ಯೆಯಿದೆ. ಅಂಚೆಯಲ್ಲಿ ತರಿಸುವುದಾದರೆ ಅಲ್ಲಿನ ಶೇ. 20ರ ವ್ಯಾಟ್ ತೆರಿಗೆಯನ್ನು ವ್ಯಾಪಾರಿ ಬಿಲ್ಲಿನಿಂದ ತೆಗೆಯಬಹುದು, ರಫ್ತಿಗೆ ಅದು ಅನ್ವಯಿಸುವುದಿಲ್ಲ. ಕೇಳದಿದ್ದರೆ ಕೆಲವರು ಸುಮ್ಮನಿರುತ್ತಾರೆ. ಅಂಗಡಿಯಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ತರುವವರಿಗೆ ಆ ಲಾಭವಿಲ್ಲ. ಪ್ರವಾಸಿಗರಿಗೆ ವ್ಯಾಟ್ ಮರಳಿಸುವ ಪದ್ಧತಿಯನ್ನು ಬ್ರಿಟನ್ 2021ರ ಆರಂಭದಿಂದ ನಿಲ್ಲಿಸಿದೆ. ಆದರೆ ಸೂಟ್‌ಕೇಸಿನಲ್ಲಿ ತಂದರೆ ಸಾಗಣೆಯ ಖರ್ಚಿಲ್ಲ. ಭಾರದ ಸಾಮಾನಿಗೆ ಎಷ್ಟೋ ಸಲ ಸಾಗಣೆಯೇ ಬೆಲೆಯನ್ನು ಮೀರುತ್ತದೆ, ಮೇಲಾಗಿ ನಮ್ಮ ಕಸ್ಟಮ್ಸಿನವರು ಸುಂಕ ಹಾಕುವುದು ಬೆಲೆ, ಸಾಗಣೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಹಳೆ ಕಾರಿನವರಿಗೆ ದೊಡ್ಡ ನೆಮ್ಮದಿ. ಪೆಟ್ಟಿಗೆ ಮೇಲೆ ‘ಗಿಫ್ಟ್’ ಎಂದು ಬರೆದುಬಿಡಲೇ ಎಂದು ಕೇಳುವ ವ್ಯಾಪಾರಿಗಳಿದ್ದಾರೆ. ಬೇಡ ಎನ್ನುವುದೇ ಕ್ಷೇಮ. ಕಾನೂನಿನ ಮಾತು ಹಾಗಿರಲಿ, ಐದು ಪೌಂಡಿನ ಗಿಫ್ಟ್ ದಾರಿಯಲ್ಲಿ ಕಳೆದರೆ ವಿಮೆಯವರು ಕೊಡುವುದೂ ಐದೇ ಪೌಂಡು. ಸೂಟ್‌ಕೇಸಿಗೆ ಹಾಕಬಾರದ ಸಾಮಾನೂ ಉಂಟು: ಒಮ್ಮೆ ಓಡಿಸಿದ ಕಾರ್ಬೊರೇಟರ್, ಪೆಟ್ರೋಲ್ ಪಂಪು. ಒಳಗೆ ಉಳಿದ ಪೆಟ್ರೋಲಿನ ಆವಿ ವಿಮಾನಕ್ಕೆ ಅಪಾಯ ಎಂದು ತೆಗೆಸುತ್ತಾರೆ. ಕಬ್ಬಿಣದ ಗಟ್ಟಿಗೆ ಆ ಕಾಟವಿಲ್ಲ. ಹೀತ್ರೂ ನಿಲ್ದಾಣದ ಸಿಬ್ಬಂದಿ ಮೇಣದ ಕಾಗದ ಬಿಚ್ಚಿಸಿ ನೋಡಿ, ಏನಿದು ಎಂದರು. ಮಾರಿಸ್ ಮೈನರಿನದು ಎಂದದ್ದೇ ತಡ, ತಮ್ಮ ಅಜ್ಜಿಯ ಹತ್ತಿರ ಒಂದಿತ್ತು ಎಂದು ಮಾತು ಶುರುಮಾಡಿದರು. ಹಿಂದಿದ್ದ ಸಾಲಿನವರಿಗೆ ಕೋಪ ಬಂದಿರಬೇಕು.

ಮೂಲ ಸಾಮಾನಿಗಾಗಿ ಇಷ್ಟು ಅಲೆಯುವುದೇಕೆ, ಹೊಸ ಕಾರಿನ ಸಸ್ಪೆನ್ಷನ್ ಕೂರಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಆದರೆ ನಮ್ಮ ಸರ್ಕಾರವೂ ಈಗ ಮೂಲಕ್ಕೇ ಬೆಲೆ ಕೊಡುತ್ತಿದೆ. 2021ರಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಮಾಡದ ವಾಹನ ‘ವಿಂಟೇಜ್’ ಎನ್ನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸುವವರ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ, ಮೊದಲೇ ನೋಂದಣಿ ಇದ್ದವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮ ‘ಎಂವೈ’ ಉಳಿಯಿತು.

ಮೇಸ್ತ್ರಿ ಹೊಸ ಟ್ರನಿಯನ್ನನ್ನು ಕೂಡಲೇ ಕೂರಿಸಲಿಲ್ಲ. ಸೀಮೆಎಣ್ಣೆಯಲ್ಲಿ ಮೇಣ ತೊಳೆದು, ಬಟ್ಟೆಯಲ್ಲಿ ಒರೆಸಿ, ವರ್ನಿಯರ್ ಹಿಡಿದು ಕುಳಿತರು. ಒಳಸುತ್ತು, ಹೊರಸುತ್ತು, ಒಂದು ಇಂಚಿಗೆ ಎಷ್ಟು ಥ್ರೆಡ್, ಪಿನ್ನಿನ ತೂತಿನ ಅಂತರ. ಒಂದೊಂದನ್ನೂ ಮಗನಿಗೆ ಹೇಳಿ ನೋಟುಬುಕ್ಕಿನಲ್ಲಿ ಬರೆಸಿದರು. ಫೈಲಿನ ಮೂಲೆಯಿಂದ ಗೀಚಿ ಗಡಸುತನ ನೋಡಿದರು. ಹಳೆಯ ಸವೆದ ತುಂಡನ್ನೂ ಅಳೆದು ಪಕ್ಕದಲ್ಲೇ ಬರೆಸಿದರು, ಎಷ್ಟು ಸವೆದರೆ ಅಪಾಯ ಎಂದು ಮುಂದಿನವರಿಗೆ ಗೊತ್ತಾಗಲಿ ಎಂದು. ಆ ಹೊತ್ತಿನಲ್ಲಿ ನನಗೆ ಬ್ಯೂಲಿಯಲ್ಲಿ ಕಂಡದ್ದರ ಅರ್ಥ ಖಚಿತವಾಯಿತು. ಇಂಗ್ಲೆಂಡಿನವರ ಹತ್ತಿರ ಕಾಗದ ಉಳಿದಿದೆ, ಆ ಕಾಗದ ನೋಡಿ ಹತ್ತು ತುಂಡು ಮಾಡಿಕೊಡುವ ಕೈ ಕಡಿಮೆಯಾಗಿದೆ. ನಮ್ಮ ಹತ್ತಿರ ಕೈ ಇದೆ, ಕಾಗದ ಯಾವತ್ತೂ ಇರಲಿಲ್ಲ. ಕಾರು ಪೆಟ್ಟಿಗೆಯಲ್ಲಿ ಬಂದಾಗ ಡ್ರಾಯಿಂಗ್ ಅದರ ಜೊತೆ ಬರಲಿಲ್ಲ. ಎಪ್ಪತ್ತು ವರ್ಷ ನಾವು ಅದಿಲ್ಲದೆ ಓಡಿಸಿದೆವು. ಹಳೆಯ ಸಾಮಾನಿನ ವ್ಯಾಪಾರವೆಂದು ಕಾಣುವುದೆಲ್ಲ ಈ ಎರಡು ಕೊರತೆಗಳ ನಡುವಿನ ಕೊಡುಕೊಳ್ಳುವಿಕೆ. ಮೂಲ ಸಾಮಾನಿನ ಡಬ್ಬಿಗಳು ಎಂದಾದರೂ ಮುಗಿಯಲೇಬೇಕು. ಆಮೇಲೆ ಕಾರು ಓಡುವುದು ಕಾಗದ ಇಟ್ಟವರೂ ಕೈ ಇರುವವರೂ ಪರಸ್ಪರ ವಿಳಾಸ ತಿಳಿದುಕೊಂಡಿದ್ದರೆ ಮಾತ್ರ.

ಬುಷ್ಷಿನ ವಿಚಾರ ಮೇಸ್ತ್ರಿಗೆ ಹೇಳಿದೆ. ಐವತ್ತು ತುಂಡು, ಕಂಚು, ಇಂಗ್ಲೆಂಡಿನ ಆರ್ಡರು.

“ಮಾಡೋಣ ಸಾರ್. ಅದೇನು ದೊಡ್ಡ ಕೆಲಸ.”

“ಸ್ಯಾಂಪಲ್ ಕಳಿಸ್ತಾರಂತೆ.”

“ಸ್ಯಾಂಪಲ್ ಯಾಕೆ? ಬಿಚ್ಚಿದ್ದು ತಾನೇ ಕಳಿಸೋದು? ಸವೆದಿದ್ದು ನೋಡಿ ಮಾಡಿದ್ರೆ ಸವೆದಿದ್ದೇ ಹುಟ್ಟುತ್ತೆ. ಡ್ರಾಯಿಂಗ್ ಇರುತ್ತಲ್ಲ ಅವರ ಹತ್ರ, ಅದನ್ನ ಕಳಿಸೋಕೆ ಹೇಳಿ,” ಎಂದವರು ವರ್ನಿಯರನ್ನು ಡಬ್ಬಿಗೆ ಹಾಕಿಕೊಳ್ಳುತ್ತಾ ಸೇರಿಸಿದರು: “ಅರ್ಧ ದುಡ್ಡು ಅಡ್ವಾನ್ಸು. ಅದನ್ನೂ ಹೇಳಿ.”